ತೊರಕೆ ತೊಗಲು, ಬೆಳ್ಳಿ ಗುಂಡಿ: ಬೈಕ್ ಸವಾರರ ಉದ್ದ ಪರ್ಸನ್ನು ಬಿಚ್ಚಿ ನೋಡಿದಾಗ

ಮೇಜಿನ ಮೇಲಿಟ್ಟರೆ ಠಕ್ ಎನ್ನುವ ಪರ್ಸ್ ಇದು. ತಕ್ಕಡಿಗೆ ಹಾಕಿದರೆ ಪರ್ಸ್ ಒಂದೇ 285 ಗ್ರಾಂ, ಸರಪಳಿ 168 ಗ್ರಾಂ, ಒಟ್ಟು 453. ಒಳಗೆ ಇನ್ನೂ ಹತ್ತು ರೂಪಾಯಿಯ ಒಂದು ನೋಟೂ ಬಿದ್ದಿಲ್ಲ. ಮಡಚಿದಾಗ ಉದ್ದ 195 ಮಿ.ಮೀ., ಅಗಲ 98, ದಪ್ಪ 27. ಹೊರಮೈಯೆಲ್ಲ ಕಪ್ಪು ಬಣ್ಣದ ತೊರಕೆ (ಸ್ಟಿಂಗ್ ರೇ) ಮೀನಿನ ಚರ್ಮ. ಒಳಗೆ ಮರದ ತೊಗಟೆಯ ರಸದಲ್ಲಿ ಹದ ಮಾಡಿದ ದನದ ಚರ್ಮ. ಮುಚ್ಚುವ ಪಟ್ಟಿಯ ಮೇಲೆ 30 ಮಿ.ಮೀ. ಅಗಲದ ಬೆಳ್ಳಿ ಗುಂಡಿ, ಬೆನ್ನಿನ ತುದಿಗೆ ಸರಪಳಿ ಸಿಕ್ಕಿಸಲು ಬೆಳ್ಳಿಯದೇ ಒಂದು ಬಳೆ. ಕೈಕೆಲಸ ಬ್ಯಾಂಕಾಕಿನದು, ನಕ್ಷೆ ಜಪಾನಿನದು. ಯಾರು ಮಾಡಿದ್ದು ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಇದೇ ನಕ್ಷೆಯ ಪರ್ಸನ್ನು ಅಲ್ಲಿ ಎಷ್ಟೋ ಕೈಗಳು ಹೊಲಿಯುತ್ತವೆ, ಒಂದರಲ್ಲಿ ಕಂಡ ಗುಣದೋಷ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ.

ಇಂಥದ್ದನ್ನು ಕೊಳ್ಳುವವರು ಚರ್ಮ ನೋಡಿ ಮರುಳಾಗುತ್ತಾರೆ. ತೊರಕೆ ಚರ್ಮಕ್ಕೆ ಇಪ್ಪತ್ತು ವರ್ಷ ಕಳೆದರೂ ಅಂಥದ್ದೇನೂ ಆಗುವುದಿಲ್ಲ. ಕೈಕೊಡುವುದು ಕೂಡಿಕೆಗಳು: ಚರ್ಮಕ್ಕೆ ದಾರ ಸೇರುವ ಕಡೆ, ಚರ್ಮಕ್ಕೆ ಬೆಳ್ಳಿ ಸೇರುವ ಕಡೆ, ಸರಪಳಿಯ ಕೊನೆಯ ಬಳೆ. ಈ ವಿಮರ್ಶೆಯ ಬಹುಪಾಲು ಅವುಗಳ ಮೇಲೆಯೇ ಹೋಗುತ್ತದೆ.

ಮೊದಲು ಆಕಾರದ ಮಾತು. ಸರಪಳಿ ಕಟ್ಟಿದ ಪರ್ಸ್ ಅಮೆರಿಕದ ಬೈಕ್ ಸವಾರರ, ಲಾರಿ ಚಾಲಕರ ರೂಢಿ. ಅದಕ್ಕೆ ಬೆಳ್ಳಿ, ಕುಸುರಿ ಸೇರಿ ಈಗಿನ ರೂಪ ಬಂದದ್ದರಲ್ಲಿ ಜಪಾನಿನ ಹಾರ್ಲೆ ಬೈಕ್ ಪ್ರಿಯರ ಪಾಲು ದೊಡ್ಡದು. ಟೋಕಿಯೋದ ಹರಾಜುಕುವಿನಲ್ಲಿ ಗೊರೊ ತಕಹಾಶಿ ಮಾಡುತ್ತಿದ್ದ ಚರ್ಮ-ಬೆಳ್ಳಿಯ ಕೆಲಸ, 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಕ್ರೋಮ್ ಹಾರ್ಟ್ಸ್ ಕಂಪನಿ, ಈ ಎರಡರ ನೆರಳು ಇಲ್ಲದ ಬೈಕರ್ ಪರ್ಸ್ ಈಗ ಸಿಗುವುದು ಕಷ್ಟ. ಉದ್ದ ಆಕಾರಕ್ಕೆ ಕಾರಣ ಸರಳ: ಜಪಾನಿನ ಹತ್ತು ಸಾವಿರ ಯೆನ್ ನೋಟು 160 × 76 ಮಿ.ಮೀ., ಅದನ್ನು ಮಡಚದೆ ಇಡಬೇಕು. ನಮ್ಮ ಐನೂರರ ನೋಟು 150 × 66. ಹತ್ತು ಮಿ.ಮೀ. ಗಿಡ್ಡ. ಹಾಗಾಗಿ ಯೆನ್ ಅಳತೆಯ ಖಾನೆಯಲ್ಲಿ ನಮ್ಮ ನೋಟು ತಳಕ್ಕೆ ಇಳಿದು ಕೂರುತ್ತದೆ. 123 × 63ರ ಹತ್ತರ ನೋಟಂತೂ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ. ಪೆಟ್ರೋಲ್ ಬಂಕಿನಲ್ಲಿ ಗ್ಲೌಸ್ ಹಾಕಿಕೊಂಡು ತೆಗೆಯಲು ಹೋದರೆ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಮಾಡಿಸಿಕೊಳ್ಳುವವರು ನೋಟಿನ ಖಾನೆಯ ಆಳವನ್ನು 8 ಮಿ.ಮೀ. ಕಡಿಮೆ ಮಾಡಿ ಎಂದು ಮೊದಲೇ ಹೇಳಿಬಿಡಬೇಕು. ಬಹಳ ಮಂದಿ ಮಾಡಿಕೊಡುತ್ತಾರೆ, ಕೇಳುವವರೇ ಕಡಿಮೆ.

ಇನ್ನು ಚರ್ಮ. ತೊರಕೆ ಅಂದರೆ ಕರಾವಳಿಯವರಿಗೆ ಪರಿಚಯ ಬೇಕಿಲ್ಲ: ಚಪ್ಪಟೆ ಮೈ, ಬಾರುಕೋಲಿನಂಥ ಬಾಲ, ಮೀನು ಮಾರ್ಕೆಟ್ಟಿನಲ್ಲಿ ತುಂಡು ಮಾಡಿ ಮಾರುವ ಮೀನು. ಅದರ ಬೆನ್ನಿನ ಮೇಲಿರುವುದು ಸಾಧಾರಣ ಮೀನಿನ ಹುರುಪೆಯಲ್ಲ, ಒತ್ತೊತ್ತಾಗಿ ಕೂತ ಸಣ್ಣ ಸಣ್ಣ ಮಣಿಗಳು. ಒಂದೊಂದು ಮಣಿಯ ರಚನೆಯೂ ನಮ್ಮ ಹಲ್ಲಿನದೇ: ಒಳಗೆ ಡೆಂಟಿನ್, ಮೇಲೆ ಎನಾಮೆಲ್ ತರಹದ ಗಟ್ಟಿ ಪದರ. ಜಪಾನಿನಲ್ಲಿ ಕತ್ತಿಯ ಹಿಡಿಗೆ ಈ ಚರ್ಮವನ್ನೇ ಸುತ್ತುತ್ತಿದ್ದರು, ಬೆವರಿದ ಕೈಯಿಂದಲೂ ಜಾರದಿರಲಿ ಎಂದು. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಗಲ್ಯುಷಾ ಎಂಬ ಕುಶಲಕರ್ಮಿ ಇದನ್ನು ಉಜ್ಜಿ ನುಣುಪು ಮಾಡಿ ಡಬ್ಬಿ, ಒರೆಗಳಿಗೆ ಅಂಟಿಸಿದ. ಫ್ರೆಂಚರು ಇಂದಿಗೂ ಈ ಚರ್ಮವನ್ನು ಅವನ ಹೆಸರಿನಲ್ಲೇ ಕರೆಯುತ್ತಾರೆ. ಈಗ ಹದ ಮಾಡುವ ಕೆಲಸ ಹೆಚ್ಚಾಗಿ ಥಾಯ್ಲೆಂಡಿನಲ್ಲಿ.

ಉಜ್ಜಿದ್ದು, ಉಜ್ಜದ್ದು ಅಂತ ಎರಡು ಬಗೆ. ಉಜ್ಜದ್ದರಲ್ಲಿ ಮಣಿ ಗುಂಡಗೆ ಉಬ್ಬಿರುತ್ತವೆ, ಬಣ್ಣ ಮಣಿಯ ಮೇಲೂ ನಿಂತಿರುತ್ತದೆ. ಉಜ್ಜಿದ್ದರಲ್ಲಿ ಮಣಿಯ ತಲೆ ಚಪ್ಪಟೆ, ಗಾಜಿನ ಹಾಗೆ ನುಣುಪು, ನಡುವೆ ತೆಳು ಬೂದು ಬಣ್ಣದ ಚುಕ್ಕೆ. ನಮ್ಮ ಕೈಯಲ್ಲಿರುವುದು ಉಜ್ಜಿದ್ದು. ಬೈಕಿಗೆ ಇದೇ ಸರಿ, ಯಾಕೆಂದರೆ ಉಜ್ಜದ ಮಣಿ ಸೀಟಿನ ರೆಕ್ಸಿನ್ನನ್ನೂ ಜೀನ್ಸಿನ ಜೇಬನ್ನೂ ಅರದ ಹಾಗೆ ತೇಯುತ್ತದೆ. ಆರು ತಿಂಗಳಿಗೆ ಜೇಬಿನ ಬಟ್ಟೆ ಹಿಂಜಿ ಬರುತ್ತದೆ, ಪರ್ಸ್ ಮಾತ್ರ ಹಾಗೇ ಇರುತ್ತದೆ. ಆದರೆ ಉಜ್ಜಿದ್ದರಲ್ಲಿ ಮೋಸಕ್ಕೂ ಜಾಗವಿದೆ. ಬಣ್ಣ ಹಿಡಿಯದ ಮಣಿಯ ತಲೆಗಳ ಮೇಲೆ ಕಪ್ಪು ಪೇಂಟ್ ಸಿಂಪಡಿಸಿ ಕಳಿಸುವವರಿದ್ದಾರೆ. ಮೂಲೆಯ ಒಂದು ಕಡೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಹತ್ತು ಸಲ ಒರೆಸಿ. ಹತ್ತಿ ಕಪ್ಪಾದರೆ ಪೇಂಟ್ ಎಂದರ್ಥ, ವರ್ಷದೊಳಗೆ ಅಂಚುಗಳಲ್ಲಿ ಬಿಳಿ ಚುಕ್ಕೆ ಏಳುತ್ತವೆ.

ಅಪ್ಪಟ ನಕಲಿ ಗುರುತಿಸುವುದು ಇನ್ನೂ ಸುಲಭ. ದನದ ಚರ್ಮಕ್ಕೆ ಅಚ್ಚೊತ್ತಿ ತೊರಕೆ ಎಂದು ಮಾರುವುದು ಮಾಮೂಲು. ನಿಜವಾದ ಚರ್ಮದಲ್ಲಿ ಮಣಿಗಳ ಗಾತ್ರ ಒಂದೇ ಇರುವುದಿಲ್ಲ. ಬೆನ್ನುಗೆರೆಯ ಹತ್ತಿರ ದೊಡ್ಡವು, ಅಂಚಿಗೆ ಹೋದಂತೆ ಸಾಸಿವೆಗಿಂತ ಸಣ್ಣವು, ಒಂದು ಚರ್ಮದ ನಡುವೆ ಬಿಳಿ ಮುತ್ತಿನಂಥ ಕೆಲವು ದೊಡ್ಡ ಮಣಿಗಳ ಗುಂಪು. ಇದನ್ನು ಕಣ್ಣು ಅನ್ನುತ್ತಾರೆ. ಅಚ್ಚಿನದ್ದರಲ್ಲಿ ಎಲ್ಲ ಮಣಿಯೂ ಒಂದೇ ಅಳತೆ, ಉಗುರಿನಿಂದ ಒತ್ತಿದರೆ ತಗ್ಗು ಬೀಳುತ್ತದೆ. ನಿಜವಾದ್ದು ಕೆನ್ನೆಗಿಟ್ಟರೆ ತಣ್ಣಗಿರುತ್ತದೆ, ಸೂಜಿ ಇಳಿಯುವುದಿಲ್ಲ. ಕಣ್ಣಿನ ವಿಷಯದಲ್ಲೂ ಒಂದು ಚಾಲಾಕಿ ಇದೆ: ಕಣ್ಣಿರುವ ತುಂಡಿಗೆ ಬೆಲೆ ಹೆಚ್ಚು ಎಂದು ಕಣ್ಣಿಲ್ಲದ ತುಂಡಿಗೆ ಬೇರೆಡೆಯ ಮುತ್ತು ಕೂರಿಸುತ್ತಾರೆ. ಭೂತಗನ್ನಡಿಯಲ್ಲಿ ಕಣ್ಣಿನ ಸುತ್ತ ಅಂಟಿನ ಗೆರೆ ಹುಡುಕಿ. ಈ ಪರ್ಸಿನಲ್ಲಿ ಗೆರೆ ಇಲ್ಲ, ಕಣ್ಣಿನ ಸುತ್ತ ಮಣಿಗಳು ಕ್ರಮವಾಗಿ ಸಣ್ಣದಾಗುತ್ತ ಹೋಗಿವೆ.

ಮಣಿಯ ಗಟ್ಟಿತನವೇ ಮಡಿಕೆಗೆ ಶತ್ರು. ಹಲ್ಲಿನ ಸಾಲನ್ನು ಮಡಚಲು ಬರುತ್ತದೆಯೇ? ಒಂದೇ ತುಂಡು ತೊರಕೆಯನ್ನು ಬೆನ್ನಿನಲ್ಲಿ ಬಗ್ಗಿಸಿದರೆ ಮಣಿಗಳು ಬಾಯಿಬಿಟ್ಟು ನಡುವಿನ ಚರ್ಮ ಕಾಣುತ್ತದೆ, ದಿನಕ್ಕೆ ಹತ್ತು ಸಲ ತೆಗೆದು ಮುಚ್ಚಿದರೆ ಕೊನೆಗೆ ಆ ಗೆರೆಯಲ್ಲೇ ಸೀಳುತ್ತದೆ. ಇಲ್ಲಿ ಆ ತಪ್ಪು ಮಾಡಿಲ್ಲ. ಎರಡು ಪಕ್ಕಕ್ಕೆ ಎರಡು ತೊರಕೆ ಹಲಗೆ, ಬೆನ್ನಿಗೆ 20 ಮಿ.ಮೀ. ಅಗಲದ ದನದ ಚರ್ಮದ ಪಟ್ಟಿ. ಫೋಟೋದಲ್ಲಿ ಒಂದೇ ತುಂಡಿನದ್ದು ಹೆಚ್ಚು ಚೆಂದ ಕಾಣುತ್ತದೆ ನಿಜ. ಬಾಳಿಕೆಗೆ ಇದೇ ಮೇಲು.

ಹೊಲಿಗೆ ಈ ಪರ್ಸಿನ ಅತ್ಯುತ್ತಮ ಭಾಗ. ತೆರೆದಿಟ್ಟರೆ ಸುತ್ತಳತೆ ಸುಮಾರು 82 ಸೆಂ.ಮೀ., ಹೊಲಿಗೆಯ ಅಂತರ 3.85 ಮಿ.ಮೀ., ಅಂದರೆ 210ರ ಆಸುಪಾಸು ತೂತು. ಸಾಧಾರಣ ಚರ್ಮವಾದರೆ ಹಲ್ಲಿನ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಸಾಲಾಗಿ ತೂತು ಬೀಳುತ್ತದೆ. ತೊರಕೆಯ ಮೇಲೆ ಉಳಿಯ ಹಲ್ಲೇ ಮುರಿಯುತ್ತದೆ. ಹಾಗಾಗಿ ಹೊಲಿಗೆಯ ಗೆರೆಯುದ್ದಕ್ಕೂ 4-5 ಮಿ.ಮೀ. ಅಗಲಕ್ಕೆ ಮಣಿಗಳನ್ನು ಅರೆದು ತೆಗೆದು, 1 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಒಂದೊಂದೇ ತೂತು ಕೊರೆದು, ಆಮೇಲೆ ಎರಡು ಸೂಜಿ ಒಂದು ದಾರದ ಕೈಹೊಲಿಗೆ. ಮೇಣ ಹಚ್ಚಿದ 0.8 ಮಿ.ಮೀ. ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದದ ನಾಲ್ಕು ಪಟ್ಟು, ಇಲ್ಲಿಗೆ ಮೂರು ಮೀಟರ್ ಚಿಲ್ಲರೆ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾರ ದಾಟುವುದರಿಂದ ಒಂದು ಕಡೆ ತುಂಡಾದರೂ ಪಕ್ಕದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಹರಿದರೆ ಕೆಳಗಿನದು ಎಳೆದಷ್ಟೂ ಬರುತ್ತದೆ.

ಪರೀಕ್ಷೆ ಹೇಗೆ? ಎರಡೂ ಬದಿ ನೋಡಿ. ಕೈಹೊಲಿಗೆಯಲ್ಲಿ ಮುಂದೆಯೂ ಹಿಂದೆಯೂ ಹೊಲಿಗೆ ಸ್ವಲ್ಪ ಓರೆಯಾಗಿ ಮಲಗಿರುತ್ತದೆ. ಮೆಷಿನ್ನಿನದಾದರೆ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗಂಟು ಕಾಣುತ್ತದೆ. ಇನ್ನೊಂದು ಕಡೆ ತಪ್ಪದೆ ನೋಡಬೇಕು, ದಾರದ ಪಕ್ಕದ ಮಣಿ. ಅರೆಯುವಾಗ ಅರ್ಧ ತುಂಡಾದ ಮಣಿ ಅಂಚಿನಲ್ಲಿ ಉಳಿದರೆ ಅದು ಬ್ಲೇಡು. ಪರ್ಸ್ ಬಗ್ಗಿದಾಗಲೆಲ್ಲ ದಾರವನ್ನು ಕೊಯ್ಯುತ್ತದೆ. "ಹೊಲಿಗೆ ಬಿಟ್ಟಿದೆ" ಎಂದು ಬರುವ ತೊರಕೆ ಪರ್ಸುಗಳಲ್ಲಿ ದಾರ ಸವೆದದ್ದಕ್ಕಿಂತ ಹೀಗೆ ಕೊಯ್ದದ್ದೇ ಜಾಸ್ತಿ. ನಮ್ಮ ಮಾದರಿಯಲ್ಲಿ ಅಂಚಿನ ಉದ್ದಕ್ಕೂ ಬೆರಳು ಎಳೆದಾಗ ಬಲ ಮೂಲೆಯಲ್ಲಿ ಎರಡು ಚೂಪು ಮಣಿ ಸಿಕ್ಕವು. 400 ನಂಬರಿನ ಎಮರಿ ಕಾಗದವನ್ನು ಬೆಂಕಿಕಡ್ಡಿಗೆ ಸುತ್ತಿ ಅರ್ಧ ನಿಮಿಷ ಉಜ್ಜಿದರೆ ಮುಗಿಯಿತು. ಮಾಡಿದವರೇ ಮಾಡಿ ಕಳಿಸಬೇಕಿತ್ತು.

ಒಂದು ಮಾತು ನೆನಪಿರಲಿ, ಹೊಲಿಗೆ ಹೋದರೆ ಬೀದಿ ಬದಿಯ ಚಪ್ಪಲಿ ಅಂಗಡಿಗೆ ಒಯ್ಯಬೇಡಿ. ಅವರ ಕೈ ಕೆಟ್ಟದ್ದು ಅಂತಲ್ಲ. ಚಪ್ಪಲಿ ಹೊಲಿಯುವ ದಬ್ಬಳ ಮಣಿಗೆ ತಾಗಿ ಮುರಿಯುತ್ತದೆ, ಇಲ್ಲವೇ ಹೊಸ ತೂತು ಮಾಡುವ ಭರದಲ್ಲಿ ಎರಡು ಹಳೆ ತೂತು ಸೇರಿ ಸೀಳಾಗುತ್ತದೆ. ಹಳೆ ತೂತಿನಲ್ಲೇ ಸೂಜಿ ಹಾಯಿಸಬೇಕು, ಬಿಟ್ಟ ಜಾಗಕ್ಕಿಂತ ಎರಡೂ ಕಡೆ ಮೂರು ಹೊಲಿಗೆ ಹಿಂದಿನಿಂದ ಶುರು ಮಾಡಬೇಕು.

ಒಳಗಿನ ಏರ್ಪಾಡು ಹೆಚ್ಚು ಮಾತು ಬೇಡುವುದಿಲ್ಲ. ಎಂಟು ಕಾರ್ಡಿನ ಖಾನೆ, ನೋಟಿಗೆ ಎರಡು, ಚಿಲ್ಲರೆಗೆ 5 ನಂಬರಿನ ಹಿತ್ತಾಳೆ ವೈಕೆಕೆ ಜಿಪ್. ಡಿಎಲ್, ಆರ್‌ಸಿ ಸ್ಮಾರ್ಟ್ ಕಾರ್ಡ್ ಸಲೀಸಾಗಿ ಕೂರುತ್ತವೆ. ಎಂಟೂ ತುಂಬಿದರೆ ಕಾರ್ಡಿನದೇ 6 ಮಿ.ಮೀ. ದಪ್ಪ ಸೇರಿಕೊಳ್ಳುತ್ತದೆ. ಎಮಿಷನ್ ಚೀಟಿ, ಇನ್ಶೂರೆನ್ಸ್ ಕಾಗದವನ್ನು ನೋಟಿನ ಹಿಂದೆ ತುರುಕಬೇಡಿ, ಟಿಚ್ ಬಟನ್ ಅರ್ಧಕ್ಕೇ ಕೂತು ಗುದ್ದಿಗೆ ಬಿಚ್ಚಿಕೊಳ್ಳುತ್ತದೆ. ಅವು ಡಿಜಿಲಾಕರಿನಲ್ಲಿ ಇದ್ದರೆ ಸಾಕು. ಮೆಟ್ರೋ ಕಾರ್ಡನ್ನು ಬೆಳ್ಳಿ ಗುಂಡಿಯ ಕೆಳಗೆ ಬರುವ ಖಾನೆಯಲ್ಲಿ ಇಟ್ಟರೆ ಪರ್ಸ್ ಸಮೇತ ಮುಟ್ಟಿಸಿದಾಗ ಗೇಟು ತೆರೆಯದಿರಬಹುದು, ಲೋಹ ಅಡ್ಡ ಬರುತ್ತದೆ. ಆಚೆ ಪಕ್ಕದಲ್ಲಿಡಿ.

ಈಗ ಬೆಳ್ಳಿ. ಗುಂಡಿ 14 ಗ್ರಾಂ, ಬೆನ್ನಿನ ಬಳೆ 9, ಸರಪಳಿ 168, ಒಟ್ಟು 191 ಗ್ರಾಂ. ಎಲ್ಲದರ ಮೇಲೂ 925 ಮುದ್ರೆ. ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಬಲು ಮೆದು, ತಾಮ್ರ ಸೇರದೆ ಸರಪಳಿ ನಿಲ್ಲುವುದಿಲ್ಲ. 191ನ್ನು 0.925ರಿಂದ ಗುಣಿಸಿದರೆ 176.7 ಗ್ರಾಂ. ಅದನ್ನು ಕೊಳ್ಳುವ ದಿನದ ಬೆಳ್ಳಿ ದರಕ್ಕೆ ಹಿಡಿದು ಒಟ್ಟು ಬೆಲೆಯಿಂದ ಕಳೆಯಿರಿ. ಉಳಿಯುವುದು ಚರ್ಮ ಮತ್ತು ಕೂಲಿ. ಹೊಲಿಗೆ, ಬೆಳ್ಳಿ ಎರಡೂ ಕೈಕೆಲಸವಾದರೆ ಮೂರ್ನಾಲ್ಕು ದಿನದ ದುಡಿಮೆ ಹೌದು. ಆ ಲೆಕ್ಕಕ್ಕೆ ಎಷ್ಟೋ ಪಟ್ಟು ಹೆಚ್ಚು ಕೇಳಿದರೆ ಕೊಡುತ್ತಿರುವುದು ಹೆಸರಿಗೆ. ಕೇಳುವ ಒಟ್ಟು ಬೆಲೆಯೇ ಬೆಳ್ಳಿಯ ಬೆಲೆಗಿಂತ ಕೆಳಗಿದ್ದರೆ ಅದು ಬೆಳ್ಳಿಯೇ ಅಲ್ಲ.

ಜರ್ಮನ್ ಸಿಲ್ವರ್ ಎಂದು ನಮ್ಮಲ್ಲಿ ಪೂಜೆ ತಟ್ಟೆ, ಅರಿಶಿನ ಕುಂಕುಮದ ಬಟ್ಟಲು ಮಾರುತ್ತಾರಲ್ಲ, ಅದರಲ್ಲಿ ಹನಿ ಬೆಳ್ಳಿಯೂ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ಬೈಕರ್ ಸರಪಳಿಗಳಲ್ಲಿ ಅದಕ್ಕೇ 925 ಎಂದು ಗುದ್ದಿ ಮಾರುವುದುಂಟು. ಮನೆಯಲ್ಲೇ ಪತ್ತೆ ಹಚ್ಚಬಹುದು. ಅಡುಗೆ ಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಸರಪಳಿಯನ್ನು ತೆಳು ದಾರದಲ್ಲಿ ಕಟ್ಟಿ, ಲೋಟದ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿಯಿರಿ. ಬಳೆಗಳ ಸಂದಿಯ ಗಾಳಿಗುಳ್ಳೆ ಹೋಗುವಂತೆ ಒಮ್ಮೆ ಅಲ್ಲಾಡಿಸಿ. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಸರಪಳಿಯ ಗಾತ್ರ ಅಷ್ಟು ಘನ ಸೆಂ.ಮೀ. ಸ್ಟರ್ಲಿಂಗ್ ಬೆಳ್ಳಿಯ, ಅಂದರೆ ಈ 925ರ ಬೆಳ್ಳಿಯ, ಸಾಂದ್ರತೆ 10.3ರಿಂದ 10.4, ಆದ್ದರಿಂದ 168 ಗ್ರಾಮಿಗೆ 16 ಚಿಲ್ಲರೆ ಬರಬೇಕು. ಜರ್ಮನ್ ಸಿಲ್ವರ್ ಆದರೆ 19 ದಾಟುತ್ತದೆ. ಇಲ್ಲಿ 16 ಬಂತು. ಕೊಂಡಿಯ ಒಳಗಿನ ಸ್ಪ್ರಿಂಗ್ ಉಕ್ಕಿನದು, ಅದರ ತೂಕ ಲೆಕ್ಕ ಕೆಡಿಸುವಷ್ಟಿಲ್ಲ.

ಗುಂಡಿಗೆ ಕಾಂಚೊ ಎಂದು ಹೆಸರು, ಚಿಪ್ಪು ಎಂಬ ಸ್ಪ್ಯಾನಿಷ್ ಪದದಿಂದ ಬಂದದ್ದು. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಬೆಳ್ಳಿ ಕೆಲಸದ ದಾರಿಯಲ್ಲಿ ಇಲ್ಲಿಯವರೆಗೆ ಬಂದಿದೆ. ಹಳೆ ನಾಣ್ಯವನ್ನೇ ಕಾಂಚೊ ಮಾಡಿದ ಪರ್ಸುಗಳೂ ಸಿಗುತ್ತವೆ. ಬೈಸನ್ ಎಂಬ ಅಮೆರಿಕದ ಕಾಡೆಮ್ಮೆಯ ಚಿತ್ರವಿರುವ 1913-1938ರ ಅಮೆರಿಕನ್ ಐದು ಸೆಂಟಿನ ನಾಣ್ಯವನ್ನು ಬೆಳ್ಳಿ ಎಂದು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ, ಅದು ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಮಾರ್ಗನ್ ಡಾಲರ್ ಆದರೆ 90 ಶೇಕಡಾ ಬೆಳ್ಳಿ, 26.73 ಗ್ರಾಂ, ಆದರೆ 38 ಮಿ.ಮೀ. ಅಗಲದ್ದು ಈ ಪಟ್ಟಿಗೆ ಹಿಡಿಸುವುದಿಲ್ಲ.

ಈ ಪರ್ಸಿನ ದೊಡ್ಡ ದೋಷ ಇರುವುದು ಕಾಂಚೊದ ಹಿಂದೆ. ಗುಂಡಿಯನ್ನು ಹಿಡಿದಿರುವುದು ಒಂದೇ ಒಂದು 4 ಮಿ.ಮೀ. ಸ್ಕ್ರೂ, ಅದರ ಮರೆಗೆ (ಸುರುಳಿ ಗೀರಿಗೆ) ಬಿಚ್ಚಿಕೊಳ್ಳದಂತೆ ಹಿಡಿಯುವ ಅಂಟು ಏನೂ ಹಾಕಿಲ್ಲ. ಉದ್ದ ಸ್ಟ್ರೋಕಿನ ಸಿಂಗಲ್ ಸಿಲಿಂಡರ್ ಗಾಡಿ ಓಡಿಸುವವರಿಗೆ ಗೊತ್ತು, ನಂಬರ್ ಪ್ಲೇಟಿನ ಬೋಲ್ಟೇ ತಾನಾಗಿ ಬಿಚ್ಚಿಕೊಂಡು ಬೀಳುತ್ತದೆ. ಸೀಟಿಗೆ ಅಂಟಿ ಕೂತ ಪರ್ಸಿಗೆ ಅದೇ ಗುದ್ದು ಗಂಟೆಗಟ್ಟಲೆ. ಸಾಲದ್ದಕ್ಕೆ, ತೆಗೆದು ಮುಚ್ಚುವಾಗ ಎಲ್ಲರೂ ಪಟ್ಟಿ ಹಿಡಿಯುವ ಬದಲು ಗುಂಡಿಯನ್ನೇ ಹಿಡಿದು ತಿರುವುತ್ತಾರೆ. ನಾಲ್ಕೈದು ನೂರು ಕಿ.ಮೀ. ಆದ ಮೇಲೆ ಬೆರಳಿನಲ್ಲಿ ಅಲ್ಲಾಡಿಸಿದರೆ ಗುಂಡಿ ತಿರುಗುತ್ತಿತ್ತು. 14 ಗ್ರಾಂ ಬೆಳ್ಳಿ ಶಿರಾಡಿ ಘಾಟಿಯ ಯಾವ ತಿರುವಿನಲ್ಲಿ ಬಿತ್ತೆಂದು ಹುಡುಕುವುದು?

ಸರಿಮಾಡುವುದು ಹತ್ತು ನಿಮಿಷದ ಕೆಲಸ. ಸ್ಕ್ರೂ ಬಿಚ್ಚಿ, ಗಂಡು ಹೆಣ್ಣು ಎರಡೂ ಮರೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಗುಂಡಿಗೂ ಚರ್ಮಕ್ಕೂ ನಡುವೆ 1 ಮಿ.ಮೀ. ದಪ್ಪದ ಚರ್ಮದ ಅಥವಾ ನೈಲಾನಿನ ವಾಷರ್ ಹಾಕಿ. ಸ್ಕ್ರೂವಿನ ಮರೆಗೆ ಸ್ಕ್ರೂ ಬಿಗಿಹಿಡಿಯುವ ಅಂಟಾದ, ನೀಲಿ ಬಣ್ಣದ, ಮಧ್ಯಮ ಹಿಡಿತದ ಲಾಕ್‌ಟೈಟ್ ಒಂದೇ ಹನಿ. ಕೈಯಲ್ಲಿ ಬಿಗಿದು, ಆಮೇಲೆ ಇನ್ನು ಕಾಲು ಸುತ್ತು. ಬೆಳ್ಳಿಯ ಮೇಲೆ ಈ ದ್ರವ ಕಬ್ಬಿಣದ ಮೇಲೆ ಗಟ್ಟಿಯಾದಷ್ಟು ಬೇಗ ಗಟ್ಟಿಯಾಗುವುದಿಲ್ಲ, 24 ಗಂಟೆ ಮುಟ್ಟದೆ ಬಿಡಿ. ಕೆಂಪು ಲಾಕ್‌ಟೈಟ್ ಬೇಡ. ಮತ್ತೆ ಬಿಚ್ಚಬೇಕಾದರೆ 250 ಡಿಗ್ರಿ ಕಾಯಿಸಬೇಕು, ಅಷ್ಟರಲ್ಲಿ ಚರ್ಮ ಸುಟ್ಟು ಕರಕಲು. ಫೆವಿಕ್ವಿಕ್ ಕೂಡ ಬೇಡ, ಗುದ್ದಿಗೆ ಪುಡಿಯಾಗುತ್ತದೆ, ಅದರ ಹೊಗೆ ಕಪ್ಪು ಚರ್ಮದ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ.

ಸರಪಳಿ 46 ಸೆಂ.ಮೀ., ಇದಕ್ಕಿಂತ ಉದ್ದ ಬೈಕಿಗೆ ಬೇಡವೇ ಬೇಡ. ನಡುವಿನ ಬಳೆಗಳೆಲ್ಲ ಬೆಸೆದಿವೆ, ಚೆನ್ನಾಗಿದೆ. ಆದರೆ ಕೊಂಡಿಗೆ ಸೇರುವ ಎರಡು ಕೊನೆಯ ಬಳೆಗಳನ್ನು ಬರೀ ಬಾಗಿಸಿ ಮುಚ್ಚಿದ್ದಾರೆ. ಉಗುರು ಹಾಕಿದರೆ ಸಂದಿ ಸಿಗುತ್ತದೆ. ಸರಪಳಿಯ ಬಲ ಎಂದರೆ ಆ ಸಂದಿಯ ಬಲ ಅಷ್ಟೇ. ಪರಿಚಯದ ಅಕ್ಕಸಾಲಿಗರ ಹತ್ತಿರ ಪರ್ಸಿನಿಂದ ಬಿಚ್ಚಿದ ಸರಪಳಿಯನ್ನು ಮಾತ್ರ ಕೊಟ್ಟು ಪರ್ಸಿನ ಕಡೆಯ ಬಳೆಯನ್ನು ಬೆಸೆಸಿ. ಕೊಂಡಿಗೆ ಬೆಂಕಿ ತಾಗದಂತೆ ಹೇಳಿ, ಒಳಗಿನ ಸ್ಪ್ರಿಂಗ್ ಕಾದರೆ ಕಸುವು ಕಳೆದುಕೊಳ್ಳುತ್ತದೆ. ಬೆಲ್ಟಿನ ಕಡೆಯ ಬಳೆಯನ್ನು ಮಾತ್ರ ಬೇಕೆಂದೇ ದುರ್ಬಲ ಇಡಬೇಕು: ಕೀಲಿಗೊಂಚಲಿನ 1 ಮಿ.ಮೀ. ತಂತಿಯ ಸುರುಳಿ ಬಳೆ ಸಾಕು. ಅದು ಫ್ಯೂಸ್ ಇದ್ದ ಹಾಗೆ. ಸರಪಳಿ ಎಲ್ಲಾದರೂ ಸಿಕ್ಕಿಕೊಂಡರೆ ಸವಾರನನ್ನು ಎಳೆಯುವ ಮೊದಲು ಅದು ಬಾಯಿಬಿಡಬೇಕು.

ಸಿಕ್ಕಿಕೊಳ್ಳುವ ಜಾಗಗಳೂ ನಮ್ಮ ಗಾಡಿಗಳಲ್ಲಿ ಬೇಕಾದಷ್ಟಿವೆ. ಎಡ ಜೇಬಾದರೆ ಸೀರೆ ಗಾರ್ಡ್, ಬಲ ಜೇಬಾದರೆ ಸೈಲೆನ್ಸರ್. ಲೋಹಗಳಲ್ಲೆಲ್ಲ ಬೇಗ ಬಿಸಿಯನ್ನು ಸಾಗಿಸುವುದು ಬೆಳ್ಳಿ. ಸೈಲೆನ್ಸರಿಗೆ ತಾಗಿದ ತುದಿಯ ಬಿಸಿ ತೊಡೆಗೆ ಬರಲು ತಡವಾಗುವುದಿಲ್ಲ. ಇಳಿಯುವಾಗ ಬಲಗಾಲು ಸೀಟಿನ ಮೇಲಿಂದ ಎತ್ತುತ್ತೇವಲ್ಲ, ಬಲಗಡೆ ಜೋತ ಸರಪಳಿ ಹಿಂದಿನ ಕ್ಯಾರಿಯರಿಗೋ ಲಗೇಜ್ ಕಟ್ಟಿದ ರಬ್ಬರ್ ಹಗ್ಗದ ಕೊಕ್ಕೆಗೋ ಸಿಕ್ಕಿ, ಒಂಟಿ ಕಾಲಲ್ಲಿ ಕುಣಿಯಬೇಕಾಗುತ್ತದೆ. ಜೋಲು ಬೆಲ್ಟಿನಿಂದ ಕೆಳಗೆ ಒಂದು ಗೇಣಿಗಿಂತ ಇಳಿಯಬಾರದು. ಕೊಂಡಿಯನ್ನು ಪ್ಯಾಂಟಿನ ಲೂಪಿಗಲ್ಲ, ಬೆಲ್ಟಿಗೇ ಹಾಕಬೇಕು. ಲೂಪಿನ ನಾಲ್ಕು ಎಳೆ ಹೊಲಿಗೆಗೆ ಅರ್ಧ ಕೆ.ಜಿ. ನೇತಾಡಿಸಿದರೆ ಎಷ್ಟು ದಿನ?

ನಿಜ ಹೇಳಬೇಕೆಂದರೆ ಓಡಿಸುವಾಗ ಈ ಪರ್ಸ್ ಹಿಂದಿನ ಜೇಬಿನಲ್ಲಿ ಇರಲೇಬಾರದು. 195 ಮಿ.ಮೀ. ಉದ್ದದ ಪರ್ಸ್ ಜೇಬಿನಿಂದ ಐದು ಸೆಂ.ಮೀ. ಹೊರಗೆ ನಿಲ್ಲುತ್ತದೆ, ಒಂದು ಪೃಷ್ಠ 27 ಮಿ.ಮೀ. ಎತ್ತರದಲ್ಲಿ ಕೂತು ಸೊಂಟ ಓರೆಯಾಗುತ್ತದೆ, ನೂರು ಕಿ.ಮೀ. ದಾಟುವಷ್ಟರಲ್ಲಿ ಕಾಲು ಜೋಮು. ಬಿದ್ದರಂತೂ ಬೆನ್ನುಮೂಳೆಯ ಬುಡಕ್ಕೆ ಗಟ್ಟಿ ಲೋಹ. ಜಾಕೆಟ್ಟಿನ ಒಳಜೇಬಿನಲ್ಲಿಟ್ಟು, ಚಹಾಕ್ಕೆ ನಿಂತಾಗ ಹಿಂದಿನ ಜೇಬಿಗೆ ವರ್ಗಾಯಿಸುವವರು ಬುದ್ಧಿವಂತರು. ಪ್ರದರ್ಶನಕ್ಕೆ ಅಷ್ಟು ಸಾಕಲ್ಲವೇ.

ಮಳೆಗಾಲದ ನಡತೆ ಎರಡು ಬಗೆ. ಹೊರಗಿನ ತೊರಕೆಗೆ ನೀರು ಕೆಸುವಿನ ಎಲೆಯ ಮೇಲಿದ್ದ ಹಾಗೆ. ಒಳಗಿನ ದನದ ಚರ್ಮ ಮಾತ್ರ ಹೊಲಿಗೆಯ ತೂತು, ಅಂಚುಗಳಿಂದ ನೀರು ಕುಡಿಯುತ್ತದೆ. ತೊಯ್ದರೆ ಎಲ್ಲ ಖಾಲಿ ಮಾಡಿ, ಪೇಪರ್ ತುಂಬಿ, ಫ್ಯಾನ್ ಕೆಳಗೆ ನೆರಳಲ್ಲಿ ಎರಡು ದಿನ. ಬಿಸಿ ಎಂಜಿನ್ ಮೇಲಾಗಲಿ ಹೇರ್ ಡ್ರೈಯರಿನಲ್ಲಾಗಲಿ ಒಣಗಿಸಿದರೆ ಒದ್ದೆ ಚರ್ಮ 70-80 ಡಿಗ್ರಿಗೇ ಸುಕ್ಕಿ ಹಪ್ಪಳವಾಗುತ್ತದೆ, ಆಮೇಲೆ ಯಾವ ಎಣ್ಣೆಗೂ ಬಗ್ಗುವುದಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆಷಾಢಕ್ಕೆ ಬೂಷ್ಟು ಖಂಡಿತ. ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿದ ಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಅದು ಚರ್ಮದೊಳಗೆ ಕಮಟಾಗಿ ಬೂಷ್ಟಿಗೇ ಊಟ ಹಾಕಿದಂತಾಗುತ್ತದೆ. ವರ್ಷಕ್ಕೆರಡು ಸಲ ಬಣ್ಣವಿಲ್ಲದ ಚರ್ಮದ ಕ್ರೀಮು, ಕಡಲೆಬೀಜದಷ್ಟು, ಒಳಭಾಗಕ್ಕೆ ಮಾತ್ರ. ಮುಂದೆ ಒಳಚರ್ಮ ಬದಲಿಸಬೇಕಾದರೆ ತಮಿಳುನಾಡಿನ ವಾಣಿಯಂಬಾಡಿ, ಈರೋಡು ಕಡೆಯ ಇ.ಐ. (ಈಸ್ಟ್ ಇಂಡಿಯಾ) ಲೆದರ್ 1.2 ಮಿ.ಮೀ.ನದು ಹೊಂದುತ್ತದೆ. ನಮ್ಮ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡುವ ಪರಂಪರೆ ಅದು.

ಟಿಚ್ ಬಟನ್ ಹಿತ್ತಾಳೆಯದು, ಅದರ ಸುತ್ತ ಮೂರು ತಿಂಗಳಲ್ಲಿ ಹಸಿರು ಕಿಲುಬು ಕಾಣಿಸಿತು. ಚರ್ಮದ ಕೊಬ್ಬು, ಮೇಣದಲ್ಲಿರುವ ಆಮ್ಲ ತಾಮ್ರದ ಜೊತೆ ಸೇರಿ ಆಗುವ ಅಂಟು ಅದು. ಹೆದರಬೇಕಿಲ್ಲ, ಹಲ್ಲುಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಅದೇ ಜಾಗದಲ್ಲಿ ಸ್ಟೀಲ್ ಬಟನ್ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಬೆಳ್ಳಿ ಕಪ್ಪಾಗುವುದಕ್ಕೆ ಕಾರಣ ಬೇರೆ, ಗಂಧಕ. ಚರ್ಮದ ಕೂದಲು ತೆಗೆಯಲು ಬಳಸುವ ಸಲ್ಫೈಡಿನ ಉಳಿಕೆ, ಬೆವರು, ಮೋರಿ ಪಕ್ಕದ ಗಾಳಿ, ರಬ್ಬರ್ ಬ್ಯಾಂಡ್, ಎಲ್ಲದರಲ್ಲೂ ಅದಿದೆ. ಪರ್ಸಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬೀರುವಿನಲ್ಲಿಟ್ಟರೆ ಬೆಳ್ಳಿಯ ಮೇಲೆ ಕರೀ ಪಟ್ಟಿ ಬೀಳುತ್ತದೆ. ಕಾಂಚೊದ ಕೆತ್ತನೆಯ ತಗ್ಗಿನಲ್ಲಿರುವ ಕಪ್ಪು ಮಾತ್ರ ಕೊಳೆಯಲ್ಲ, ಚಿತ್ರ ಎದ್ದು ಕಾಣಲೆಂದು ಗಂಧಕದ ದ್ರಾವಣದಲ್ಲಿ ಬೇಕೆಂದೇ ಹಿಡಿಸಿದ್ದು. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೆ, ಅಥವಾ ಅಲ್ಯೂಮಿನಿಯಂ ಹಾಳೆ-ಸೋಡಾ ಉಪಾಯ ಮಾಡಿದರೆ ಆ ಕಪ್ಪೂ ಹೋಗಿ ಗುಂಡಿ ಹೊಸ ಚಮಚದ ಹಾಗೆ ಬೋಳಾಗುತ್ತದೆ. ಇನ್ನು ದೇವರ ದೀಪಕ್ಕೆ ಮಾಡುವಂತೆ ವಿಭೂತಿ ಹಾಕಿ ಉಜ್ಜಬೇಡಿ. ಬೆಳ್ಳಿ ಬೆಳಗುತ್ತದೆ, ಆದರೆ ವಿಭೂತಿ ಸುತ್ತಲಿನ ಕಪ್ಪು ಮಣಿಗಳ ಸಂದಿಗೆ ಇಳಿದು ಬಿಳಿ ಜಾಲರಿ ಬಿಡಿಸಿದ ಹಾಗೆ ಕೂರುತ್ತದೆ, ಹಲ್ಲುಜ್ಜುವ ಬ್ರಷ್ಷಿಗೂ ಬರುವುದಿಲ್ಲ. ಬೆಳ್ಳಿ ಒರೆಸುವ ಬಟ್ಟೆ ಸಾಕು. ಒರೆಸುವಾಗ ಒಂದು ಕಾಗದಕ್ಕೆ ಗುಂಡಿಯಷ್ಟು ತೂತು ಮಾಡಿ ಚರ್ಮದ ಮೇಲೆ ಹೊದಿಸಿಕೊಳ್ಳಿ.

ಕಾನೂನಿನ ವಿಷಯ ಚುಟುಕಾಗಿ. ಇದೇ ನಕ್ಷೆಯಲ್ಲಿ ಹೆಬ್ಬಾವು, ಮೊಸಳೆ, ಉಡದ ಚರ್ಮದ ಪರ್ಸುಗಳೂ ಬರುತ್ತವೆ. ಅವನ್ನು ದೇಶದ ಗಡಿ ದಾಟಿಸಲು ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು. ನಮ್ಮ ಹೆಬ್ಬಾವು, ಉಡ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಖಂಜಿರಕ್ಕೆ ಉಡದ ಚರ್ಮ ಬಿಗಿಯುತ್ತಿದ್ದ ಕಾಲ ಮುಗಿದದ್ದು ಅದರಿಂದಲೇ. ಪರ್ಸಿಗೆ ಬಳಸುವ ಮಾಮೂಲಿ ತೊರಕೆ ಜಾತಿಗಳಿಗೆ ಆ ತೊಡಕಿಲ್ಲ. ಆದರೆ ಮುಳ್ಳುಮೈಯ ತೊರಕೆ ಮೊದಲ ಅನುಸೂಚಿಯದ್ದೇ. ಬಿಲ್ಲಿನ ಮೇಲೆ ಮೀನಿನ ವೈಜ್ಞಾನಿಕ ಹೆಸರು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳುವುದೇ ಬೇಡ.

ದಿನಕ್ಕೆ ಇಪ್ಪತ್ತು ಸಲ ಫೋನಿನಲ್ಲೇ ದುಡ್ಡು ಕಳಿಸುವವರಿಗೆ ಇದು ಅರ್ಧ ಕೆ.ಜಿ. ಹೊರೆ. ಗಾಡಿಯ ಜೊತೆಗೆ ಚರ್ಮ, ಲೋಹದ ಹುಚ್ಚೂ ಇರುವವರಿಗೆ ಹೊಲಿಗೆಯೊಂದಕ್ಕೇ ಕೊಳ್ಳಬಹುದಾದ ವಸ್ತು, ಸ್ಕ್ರೂ ಮತ್ತು ಕೊನೆಬಳೆ ಸರಿಮಾಡಿಸಿಕೊಳ್ಳುವ ಷರತ್ತಿನ ಮೇಲೆ.

ಕಾಂಚೊ ಈಗಾಗಲೇ ಕಳೆದುಕೊಂಡವರಿಗೆ ಒಂದು ದಾರಿ ಉಂಟು. ಬ್ರಿಟಿಷ್ ಕಾಲದ ಒಂದು ರೂಪಾಯಿ ನಾಣ್ಯ 30.5 ಮಿ.ಮೀ. ಅಗಲ, 11.66 ಗ್ರಾಂ, ಶೇ. 91.7 ಬೆಳ್ಳಿ. ಅದೇ ಜಾಗಕ್ಕೆ ಅಳೆದು ಮಾಡಿಸಿದಂತೆ ಕೂರುತ್ತದೆ. ಇಸವಿ 1939ರ ಒಳಗಿರಲಿ, 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ಹಿಂಬದಿಗೆ ಮರೆಯಿರುವ ಕೊಳವೆಯನ್ನು ಬೆಳ್ಳಿ ಬೆಸುಗೆಯಲ್ಲಿ ಕೂರಿಸಲು ಅಕ್ಕಸಾಲಿಗರಿಗೆ ಹೇಳಿ, ಹಳೆ ಸ್ಕ್ರೂವನ್ನು ಅಳತೆಗೆ ಜೊತೆಯಲ್ಲಿ ಕೊಡಿ. ರಾಜನ ಮೂಗು ಸವೆದು ಹೋದ ನಾಣ್ಯವನ್ನೇ ಆರಿಸಿ. ಸಂಗ್ರಹಕಾರರು ಮುಟ್ಟದ ಕಾರಣ ಬೆಳ್ಳಿಯ ತೂಕದ ಬೆಲೆಗೇ ಸಿಗುತ್ತದೆ.